‘ಸರ್ವೆಗೆ ಬರುತ್ತೇವೆ’ ಎಂದು ಮುಂಚೆಯೇ ಹೇಳಬೇಕೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿ. 14 ಹಳ್ಳಿಗಳಲ್ಲಿ 612 ಸದಸ್ಯರಿದ್ದಾರೆ. ಮುಂದಿನ ಮುಂಗಾರಿಗೆ ಯಾವ ಬೀಜ, ಎಷ್ಟು ಗೊಬ್ಬರ ತರಿಸಬೇಕು, ಸದಸ್ಯರು ಮೆಕ್ಕೆಜೋಳವನ್ನು ನಮಗೆ ಕೊಡದೆ ದಲ್ಲಾಳಿಗೆ ಏಕೆ ಮಾರುತ್ತಾರೆ, ಅವರಿಗೆ ಕೈಸಾಲ ಎಷ್ಟಿದೆ ಎಂದು ತಿಳಿಯಲು ಸಮೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೂಗಲ್ ಫಾರ್ಮ್ ಹಾಕಿದೆ. ಹದಿನೈದು ದಿನಗಳಲ್ಲಿ ತುಂಬಿದವರು 41 ಮಂದಿ. ಫೋನ್ ಮಾಡಿದರೆ ಹತ್ತರಲ್ಲಿ ಮೂವರು ಎತ್ತುತ್ತಾರೆ. ಅವರಲ್ಲೂ ಒಬ್ಬರು ‘ಒಟಿಪಿ ಕೇಳಲಿಕ್ಕೇನು?’ ಎಂದು ಇಟ್ಟುಬಿಡುತ್ತಾರೆ. ಮೊದಲೇ ಪತ್ರವನ್ನೋ ಮೆಸೇಜನ್ನೋ ಕಳುಹಿಸಿ ಆಮೇಲೆ ಫೋನ್ ಮಾಡಿದರೆ ಶೇ 80ರಷ್ಟು ಜನ ಉತ್ತರಿಸುತ್ತಾರೆ ಎಂದು ಒಂದು ತರಬೇತಿಯಲ್ಲಿ ಕೇಳಿದ್ದೆ. ನಮ್ಮ ಅಧ್ಯಕ್ಷರು ಒಪ್ಪುವುದಿಲ್ಲ. ‘ಮೊದಲೇ ಹೇಳಿದರೆ ಸಾಲ ಇದ್ದವರು ತಪ್ಪಿಸಿಕೊಳ್ಳುತ್ತಾರೆ, ಮಿಕ್ಕವರು ಉತ್ತರ ತಯಾರಿ ಮಾಡಿಕೊಂಡು ಕೂತಿರುತ್ತಾರೆ. ಹೇಳಲೇಬೇಕು ಅಂದರೆ ಡಂಗುರ ಹೊಡೆಸೋಣ, ಇಲ್ಲ ನಾನೇ ಹೇಳುತ್ತೇನೆ, ನನ್ನ ಮಾತು ಯಾರು ಮೀರುತ್ತಾರೆ?’ ಎನ್ನುತ್ತಾರೆ. ಕೈಯಲ್ಲಿ 40,000 ರೂಪಾಯಿ ಇದೆ. ಏನು ಮಾಡಲಿ? (ಹೆಸರು ಬೇಡ, ಜಗಳೂರು ತಾಲ್ಲೂಕು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಸಿಕ್ಕು ಹಾಕಿಕೊಂಡಿವೆ. ಜನ ಉತ್ತರ ಕೊಡುತ್ತಿಲ್ಲ ಎಂಬುದು ಒಂದು. ಕೊಟ್ಟರೂ ಅದು ನಿಜವಾಗಿರುತ್ತದೆಯೇ ಎಂಬುದು ಇನ್ನೊಂದು. ಮುಂಚೆ ತಿಳಿಸುವುದರಿಂದ ಮೊದಲನೆಯ ಚಿಂತೆ ಸ್ವಲ್ಪ ತಗ್ಗುತ್ತದೆ. ಆದರೆ ತಿಳಿಸಬಾರದವರ ಬಾಯಲ್ಲಿ ತಿಳಿಸಿದರೆ ಎರಡನೆಯದು ಹೆಚ್ಚುತ್ತದೆ. ತರಬೇತಿಯವರು ಹೇಳಿದ ಲೆಕ್ಕ ಉಬ್ಬಿಸಿದ್ದು, ಅಧ್ಯಕ್ಷರ ಅಂಜಿಕೆಯಲ್ಲಿ ಒಂದಿಷ್ಟು ಹುರುಳಿದೆ, ಆದರೆ ಅವರು ಸೂಚಿಸುವ ಪರಿಹಾರ ರೋಗಕ್ಕಿಂತ ಕೆಟ್ಟದ್ದು. ಏಕೆ ಎಂದು ಹೇಳಲು ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರುಮಾಡುತ್ತೇನೆ.

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಚಿತ್ರದುರ್ಗ ತಾಲ್ಲೂಕು, ಭರಮಸಾಗರದ ಕಡೆಯ ಒಂದು ಹಳ್ಳಿ. ಕುಡಿಯುವ ನೀರನ್ನು ಎಲ್ಲಿಂದ ತರುತ್ತಾರೆ, ದಿನಕ್ಕೆ ಎಷ್ಟು ಕೊಡ ತರುತ್ತಾರೆ ಎಂಬ ಸಣ್ಣ ಸಮೀಕ್ಷೆ. ಶಿಸ್ತಿನ ಮನುಷ್ಯನಂತೆ ಹಿಂದಿನ ದಿನವೇ ನೀರಗಂಟಿಯ ಕೈಲಿ ‘ನಾಳೆ ಸರ್ವೆಗೆ ಬರುತ್ತಾರೆ’ ಎಂದು ಹೇಳಿಸಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಗುಡಿಯ ಕಟ್ಟೆಯ ಮೇಲೆ ಮೂವತ್ತು ನಲವತ್ತು ಗಂಡಸರು ಕೂತಿದ್ದಾರೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಹಣಿ, ಹಿಸ್ಸಾ ನಕ್ಷೆ, ಕಂದಾಯದ ರಸೀದಿ. ಒಬ್ಬ ಅಜ್ಜ ನನ್ನ ಹೆಗಲ ಚೀಲವನ್ನೇ ದಿಟ್ಟಿಸಿ ‘ಚೈನು ಎಲ್ಲಿ?’ ಎಂದ. ಬದುವಿನ ವ್ಯಾಜ್ಯವಿದ್ದ ಅಣ್ಣತಮ್ಮಂದಿರಿಬ್ಬರು ನಾವು ಬರುವ ಮುಂಚೆಯೇ ಒಂದು ಸುತ್ತು ಜಗಳ ಮುಗಿಸಿದ್ದರು. ಭದ್ರಾ ಮೇಲ್ದಂಡೆ ಕಾಲುವೆಗೆ ಯಾರ ಯಾರ ಜಮೀನು ಹೋಗುತ್ತದೆ ಎಂಬ ಮಾತು ಆಗ ಎಲ್ಲೆಡೆ ಹರಿದಾಡುತ್ತಿತ್ತು. ನಮ್ಮ ಕಡೆ ‘ಸರ್ವೆ’ ಎಂದರೆ ಹೊಲ ಅಳೆಯುವುದು, ಅದು ನನಗೆ ಹೊಳೆಯಲೇ ಇಲ್ಲ. ನಮಗೆ ಬೇಕಾಗಿದ್ದವರು ನೀರು ಹೊರುವ ಹೆಂಗಸರು, ಅವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಆ ದಿನ ಒಂದು ಹಾಳೆಯೂ ತುಂಬಲಿಲ್ಲ.

ಮುಂಚಿತವಾಗಿ ತಿಳಿಸಿದ್ದರಿಂದಲೇ ಕೆಟ್ಟ ಸಮೀಕ್ಷೆ ಅದು. ಹಾಗೆಂದು ಅಂದಿನಿಂದ ನಾನು ತಿಳಿಸುವುದನ್ನು ಬಿಡಲಿಲ್ಲ. ತಿಳಿಸುವ ಮಾತನ್ನು ಬದಲಿಸಿದೆ. ಅಪರಿಚಿತರು ಬಾಗಿಲಿಗೆ ಬಂದಾಗ ನಮ್ಮ ಹಳ್ಳಿಗಳಲ್ಲಿ ಮೊದಲು ಕೇಳುವುದು ‘ನೀವು ಯಾರು’ ಎಂದಲ್ಲ, ‘ಯಾರ ಕಡೆಯವರು’ ಎಂದು. ಬ್ಯಾಂಕಿನ ಕಡೆಯವರೋ, ಪಾರ್ಟಿಯ ಕಡೆಯವರೋ, ವಿಮೆಯವರೋ, ಪವನ ವಿದ್ಯುತ್ ಕಂಪನಿಗೆ ಜಮೀನು ನೋಡಲು ಬಂದವರೋ? ಫೋನಿನಲ್ಲಾದರೆ ಮುಖ ನೋಡಿ ಅಂದಾಜು ಮಾಡುವ ಅವಕಾಶವೂ ಇಲ್ಲ. ಅದಕ್ಕೇ ಇಟ್ಟುಬಿಡುತ್ತಾರೆ. ಮುಂಗಡ ಪತ್ರವೋ ಮೆಸೇಜೋ ಮಾಡಬೇಕಾದ ಕೆಲಸ ಆ ಪ್ರಶ್ನೆಗೆ ಮೊದಲೇ ಉತ್ತರ ಹೇಳುವುದು, ಅಷ್ಟೇ. ಅದು ಹೇಳದ ಪತ್ರ ಎಷ್ಟು ಚೆಂದವಾಗಿದ್ದರೂ ವ್ಯರ್ಥ.

ಶೇ 80 ಎಂಬ ಆಸೆ

ಅಂಕಿಗಳಿಗೆ ಬರೋಣ. ಬ್ರಿಟನ್ನಿನ ಫಿಲ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಪ್ರಶ್ನಾವಳಿಗೆ ಉತ್ತರ ಹೆಚ್ಚಿಸುವ ಉಪಾಯಗಳ ಮೇಲೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಅಂಚೆಯಲ್ಲಿ ಕಳುಹಿಸುವ ಪ್ರಶ್ನಾವಳಿಗಳಲ್ಲಿ, ಮೊದಲೇ ತಿಳಿಸಿದಾಗ ಉತ್ತರ ಬರುವ ‘ಆಡ್ಸ್’ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ ಎಂಬುದು ಅವರು ಕಂಡುಕೊಂಡದ್ದು. ಕೇಳಲು ದೊಡ್ಡದಾಗಿದೆ, ಆದರೆ ಆಡ್ಸ್ ಎಂದರೆ ಶೇಕಡಾವಾರು ಅಲ್ಲ. ಉತ್ತರಿಸಿದವರಿಗೂ ಉತ್ತರಿಸದವರಿಗೂ ನಡುವಿನ ಅನುಪಾತ ಅದು. ನಿಮ್ಮ ಲೆಕ್ಕವನ್ನೇ ಹಿಡಿಯಿರಿ. 612 ಜನರಲ್ಲಿ 41 ಮಂದಿ ತುಂಬಿದ್ದಾರೆ, ಉಳಿದವರು 571. ಈ ಅನುಪಾತ ಒಂದೂವರೆ ಪಟ್ಟಾದರೆ ನಿಮಗೆ ಸಿಗುವುದು ಸುಮಾರು 60 ಜನ. ಶೇ 7 ಇದ್ದದ್ದು ಶೇ 10 ಆಗುತ್ತದೆ. ಮೊದಲೇ ಅರ್ಧದಷ್ಟು ಜನ ಉತ್ತರಿಸುವ ಕಡೆಯಾದರೆ ಅದೇ ಒಂದೂವರೆ ಪಟ್ಟು ಶೇ 50ನ್ನು ಶೇ 60ಕ್ಕೆ ಒಯ್ಯುತ್ತದೆ. ಏಳನ್ನು ಎಂಬತ್ತು ಮಾಡುವ ಮಂತ್ರ ಯಾವ ಪತ್ರದಲ್ಲೂ ಇಲ್ಲ.

ಫೋನ್ ಸಮೀಕ್ಷೆಗೂ ಇಂತಹದೇ ಲೆಕ್ಕವಿದೆ. ನೆದರ್ಲೆಂಡ್ಸ್‌ನ ಈಡಿತ್ ಡಿ ಲೀಯು ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪತ್ರ ಕಳುಹಿಸದೆ ಫೋನ್ ಮಾಡಿದಾಗ ಶೇ 58ರಷ್ಟಿದ್ದ ಉತ್ತರ ಪತ್ರ ಕಳುಹಿಸಿದಾಗ ಶೇ 66ಕ್ಕೆ ಏರಿತ್ತು. ಎಂಟು ಅಂಶಗಳ ಏರಿಕೆ. ಇದನ್ನು ಅಧ್ಯಕ್ಷರಿಗೆ ಧಾರಾಳವಾಗಿ ತೋರಿಸಿ. ಮುಂಚೆ ಹೇಳಿದರೆ ಜನ ತಪ್ಪಿಸಿಕೊಳ್ಳುತ್ತಾರೆ ಎಂಬುದು ನಿಜವಾಗಿದ್ದರೆ ಈ ಅಂಕಿ ಇಳಿಯಬೇಕಿತ್ತು. ತಪ್ಪಿಸಿಕೊಳ್ಳುವವರು ಒಂದಿಬ್ಬರು ಇದ್ದೇ ಇರುತ್ತಾರೆ, ನಾನೂ ಕಂಡಿದ್ದೇನೆ. ಆದರೆ ಅನುಮಾನ ಬಿಟ್ಟು ಬಾಗಿಲು ತೆರೆಯುವವರು ಅವರಿಗಿಂತ ಹೆಚ್ಚು.

ಇವೆಲ್ಲ ಬಹುಮಟ್ಟಿಗೆ ಪಾಶ್ಚಾತ್ಯ ದೇಶಗಳ ಪ್ರಯೋಗಗಳು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಮನೆ ಬಾಗಿಲಿಗೆ ಹೋದರೆ ಕತೆಯೇ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಯ್ಕೆಯಾದ ಕುಟುಂಬಗಳ ಪೈಕಿ ಶೇ 98ರಷ್ಟು ಉತ್ತರಿಸಿದ್ದವು. ಎದುರು ನಿಂತವರಿಗೆ ‘ಆಗಲ್ಲ ಹೋಗಿ’ ಎನ್ನುವುದು ನಮ್ಮ ಜನಕ್ಕೆ ಬಾರದು. ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಆಮೇಲೆ ಬೇಕಾದರೆ ಸುಳ್ಳು ಹೇಳುತ್ತಾರೆ. ಹಾಗಾಗಿ ನಿಮ್ಮ ಹಳ್ಳಿಗಳಲ್ಲಿ ಉತ್ತರದ ಬರಗಾಲ ಇರುವುದು ಫೋನಿನಲ್ಲಿ, ಬಾಗಿಲಲ್ಲಿ ಅಲ್ಲ. ಈ ವ್ಯತ್ಯಾಸವನ್ನು ಮುಂದೆ ದುಡ್ಡು ಹಂಚುವಾಗ ಬಳಸಿಕೊಳ್ಳೋಣ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಕಳೆದುಬಿಡುತ್ತೇನೆ. ಉತ್ತರಿಸಿದವರ ಸಂಖ್ಯೆ ದೊಡ್ಡದಾದರೆ ಸಮೀಕ್ಷೆ ಚೆನ್ನಾಗಿದೆ ಎಂದಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳುಹಿಸಿ 23 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಅಧ್ಯಕ್ಷರಾಗುತ್ತಾರೆ ಎಂದು ಸಾರಿತು. ಚುನಾವಣೆಯಲ್ಲಿ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಚೀಟಿ ಹೋದದ್ದು ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದ, ವಾಪಸ್ ಬಂದದ್ದು ಹೇಳುವ ಹುರುಪಿದ್ದವರಿಂದ. ನಿಮ್ಮ 41 ಮಂದಿಯನ್ನೂ ಹೀಗೇ ಪರೀಕ್ಷಿಸಿ. ಸದಸ್ಯರ ರಿಜಿಸ್ಟರ್ ತೆಗೆದು ಅವರ ವಯಸ್ಸು, ಜಮೀನು, ಊರು ಹೊಂದಿಸಿ ನೋಡಿ. ಬಹುಶಃ ಸ್ಮಾರ್ಟ್‌ಫೋನ್ ಹಿಡಿದ ಮಗ ಅಪ್ಪನ ಪರವಾಗಿ ತುಂಬಿರುತ್ತಾನೆ, ಕೊಳವೆಬಾವಿ ಇದ್ದವರೇ ಹೆಚ್ಚಿರುತ್ತಾರೆ. ಒಂಟಿ ಹೆಂಗಸರು, ಎರಡು ಎಕರೆ ಒಣಭೂಮಿಯವರು ಅದರಲ್ಲಿ ಎಷ್ಟಿದ್ದಾರೆ? ಅವರಿಲ್ಲದ ಸಮೀಕ್ಷೆ ನಂಬಿ ಬೀಜ ತರಿಸಿದರೆ ಗೋದಾಮಿನಲ್ಲಿ ಕೊಳೆಯುತ್ತದೆ.

ಫೋನ್ ಏಕೆ ಎತ್ತುವುದಿಲ್ಲ

ಮೊದಲ ಕಾರಣ ನಿಮಗೇ ಗೊತ್ತು. ಒಟಿಪಿ ವಂಚನೆ, ‘ಡಿಜಿಟಲ್ ಅರೆಸ್ಟ್’ ಸುದ್ದಿಗಳು ಹಳ್ಳಿಯ ಟೀ ಅಂಗಡಿಗೂ ತಲುಪಿವೆ. ಗೊತ್ತಿಲ್ಲದ ನಂಬರ್ ಎತ್ತಬೇಡಿ ಎಂದು ಬ್ಯಾಂಕುಗಳು, ಪೊಲೀಸರು, ಮೊಮ್ಮಕ್ಕಳು ಎಲ್ಲರೂ ಹೇಳಿಕೊಟ್ಟಿದ್ದಾರೆ. ಅದನ್ನು ಪಾಲಿಸುತ್ತಿರುವ ರೈತನನ್ನು ‘ಸಹಕಾರವಿಲ್ಲ’ ಎಂದು ಬೈಯಬೇಡಿ, ಅವನು ಜಾಣ.

ಎರಡನೆಯದು ನಿಮ್ಮ ಪಟ್ಟಿಯೇ. ಸದಸ್ಯತ್ವ ಪಡೆಯುವಾಗ ಬರೆಸಿದ ನಂಬರ್ ಎಷ್ಟೋ ಸಲ ಅಳಿಯನದ್ದು, ಪಕ್ಕದ ಮನೆಯದ್ದು, ಇಲ್ಲವೇ ಅರ್ಜಿ ತುಂಬಿದ ಏಜೆಂಟನದ್ದಾಗಿರುತ್ತದೆ. ಇಂತಹ ಒಂದು ಪಟ್ಟಿಯಲ್ಲಿ ಒಂದೇ ನಂಬರ್ ಹನ್ನೊಂದು ಸದಸ್ಯರ ಮುಂದೆ ಇದ್ದದ್ದನ್ನು ನಾನು ನೋಡಿದ್ದೇನೆ. ಮುಂಗಡವಾಗಿ ಮೆಸೇಜ್ ಕಳುಹಿಸುವುದರ ದೊಡ್ಡ ಲಾಭಗಳಲ್ಲಿ ಇದೂ ಒಂದು: ಯಾವ ನಂಬರ್ ಸತ್ತಿದೆ, ಯಾವ ಚೀಟಿ ವಾಪಸ್ ಬಂತು ಎಂಬುದು ಸಮೀಕ್ಷೆಗೆ ಮುಂಚೆಯೇ ಗೊತ್ತಾಗುತ್ತದೆ.

ಮೂರನೆಯದು ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ಕೂತು ಫೋನ್ ಮಾಡಿದರೆ ಫೋನು ಮನೆಯ ಗೂಡಿನಲ್ಲಿರುತ್ತದೆ, ರೈತ ಹೊಲದಲ್ಲಿರುತ್ತಾನೆ. ಮೆಕ್ಕೆಜೋಳ ಮುರಿಯುವ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಯಾರನ್ನೂ ಕೇಳಬೇಡಿ. ಸುಗ್ಗಿ ಮುಗಿದು ಮಾಲು ಮಾರಿ ಕೈಯಲ್ಲಿ ನಾಲ್ಕು ಕಾಸು ಇರುವ ಜನವರಿ, ಫೆಬ್ರುವರಿ ಒಳ್ಳೆಯದು. ಮಾರ್ಚ್ ಎಂದುಕೊಂಡರೆ ಕ್ಯಾಲೆಂಡರ್ ನೋಡಿಕೊಳ್ಳಿ: ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ಇರುತ್ತದೆ, ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಬರುತ್ತದೆ. ಬೀಗರು ಮನೆ ತುಂಬಿರುವಾಗ ‘ಹೋದ ವರ್ಷ ಡಿಎಪಿ ಎಷ್ಟು ಚೀಲ ಹಾಕಿದಿರಿ’ ಎಂದು ಕೇಳುವವರಿಗೆ ಊಟಕ್ಕೆ ಕೂರಿ ಎನ್ನುತ್ತಾರೆಯೇ ಹೊರತು ಉತ್ತರ ಸಿಗುವುದಿಲ್ಲ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದೇ ಜನರನ್ನು ಹಿಂದೆ ಯಾರ್‍ಯಾರೋ ಕೇಳಿಕೊಂಡು ಹೋಗಿದ್ದಾರೆ. ಏನಾಯಿತು ಎಂದು ಹೇಳಲು ಒಬ್ಬರೂ ತಿರುಗಿ ಬಂದಿಲ್ಲ.

ಯಾರ ಬಾಯಲ್ಲಿ ಹೇಳಿಸುವುದು

ಡಂಗುರ, ಪಂಚಾಯಿತಿ ಆಟೊದ ಮೈಕು, ಗುಡಿಯ ಮೈಕು: ಅಗ್ಗ, ಒಂದೇ ಗಂಟೆಯಲ್ಲಿ ಇಡೀ ಊರಿಗೆ ಮುಟ್ಟುತ್ತದೆ. ನಾನು ಬೇಡವೆನ್ನುವುದೂ ಅದಕ್ಕೇ. ನಿಮಗೆ ಬೇಕಾದವರು ಊರಿನಲ್ಲಿ ಹದಿನೈದು ಮನೆ, ಕೇಳಿಸಿಕೊಳ್ಳುವವರು ಇನ್ನೂರೈವತ್ತು ಮನೆ. ಉಳಿದವರು ‘ನಮ್ಮ ಹೆಸರು ಏಕಿಲ್ಲ’ ಎಂದು ಕೇಳುತ್ತಾರೆ. ಪಂಚಾಯಿತಿಯಿಂದ ಸಾರಿದ ಯಾವ ಮಾತೂ ಮನೆ ಮಂಜೂರಾತಿ, ಬೆಳೆ ಪರಿಹಾರ, ಪಿಂಚಣಿ ಎಂದೇ ಕಿವಿಗೆ ಬೀಳುತ್ತದೆ. ಪರಿಹಾರದ ಆಸೆ ಹುಟ್ಟಿದ ಮನೆಯಲ್ಲಿ ಹಸುಗಳ ಸಂಖ್ಯೆ ಇಳಿಯುತ್ತದೆ, ಸಾಲ ಏರುತ್ತದೆ. ಅಂತಹ ಉತ್ತರವನ್ನು ಆಮೇಲೆ ಸರಿಪಡಿಸುವ ಯಾವ ಗಣಿತವೂ ನನ್ನ ಬಳಿ ಇಲ್ಲ.

ಸರ್ಕಾರದ ದೊಡ್ಡ ಕೆಲಸಗಳಿಗೂ ಈ ತೊಡಕು ತಪ್ಪಿದ್ದಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮುಂಚೆ ಮೀಟರ್ ರೀಡರ್‌ಗಳು ಮನೆಮನೆಯ ಬಾಗಿಲಿಗೆ ಯುಎಚ್‌ಐಡಿ, ಅಂದರೆ ಮನೆಗೊಂದರಂತೆ ಕೊಟ್ಟ ಗುರುತಿನ ಸಂಖ್ಯೆಯ ಚೀಟಿ ಅಂಟಿಸಿ ಹೋದದ್ದು ನೆನಪಿರಬಹುದು. ಯಾವ ಮನೆಯೂ ಬಿಟ್ಟುಹೋಗದಂತೆ ಎಣಿಸಲು ಒಳ್ಳೆಯ ಉಪಾಯ. ಆದರೆ ಚೀಟಿ ನೋಡಿದ ನನ್ನ ಪಕ್ಕದ ಮನೆಯವರು ಮೊದಲು ಕೇಳಿದ್ದು, ‘ಕರೆಂಟ್ ಬಿಲ್ ಕಟ್ಟಿದ್ದೇವಲ್ಲ, ಮತ್ತೇಕೆ ಅಂಟಿಸಿದರು?’ ಎಂದು. ತಂದವರು ಯಾರೋ ಅವರ ಕಡೆಯದೇ ಮಾತು ಎಂದು ಜನ ತಿಳಿಯುತ್ತಾರೆ. ಅದೇ ಸಮೀಕ್ಷೆಯ ವಿಚಾರದಲ್ಲಿ ಹೈಕೋರ್ಟ್, ಭಾಗವಹಿಸುವುದು ಸ್ವಇಚ್ಛೆಯದು ಎಂಬುದನ್ನು ಜನರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದು ಹೇಳಿತು. ಅಷ್ಟು ದೊಡ್ಡ ಸಮೀಕ್ಷೆಗೇ ಅನ್ವಯಿಸಿದ ಮಾತು ನಿಮ್ಮ 612 ಜನರ ಸಮೀಕ್ಷೆಗೆ ಅನ್ವಯಿಸದೇ ಇರುತ್ತದೆಯೇ?

ಈಗ ನಿಮ್ಮ ಅಧ್ಯಕ್ಷರ ವಿಷಯ. ‘ನನ್ನ ಮಾತು ಯಾರು ಮೀರುತ್ತಾರೆ’ ಎಂಬ ಮಾತಿನಲ್ಲೇ ತೊಂದರೆ ಅಡಗಿದೆ. ಅವರು ಹೇಳಿದರೆ ಶೇ 80 ಅಲ್ಲ, ಶೇ 95 ಜನ ಉತ್ತರಿಸಬಹುದು. ಆದರೆ ‘ಮೆಕ್ಕೆಜೋಳ ಯಾರಿಗೆ ಮಾರಿದಿರಿ’ ಎಂಬ ಪ್ರಶ್ನೆಗೆ ‘ಕಂಪನಿಗೇ’ ಎನ್ನುತ್ತಾರೆ. ದಲ್ಲಾಳಿ ಮಗಳ ಮದುವೆಗೆ ಮುಂಗಡ ಕೊಟ್ಟಿದ್ದ, ಅದಕ್ಕೆ ಮಾಲು ಅವನಿಗೇ ಹೋಯಿತು ಎಂಬ ನಿಜ ಹೊರಬರುವುದಿಲ್ಲ. ಯಾರ ಕೈಯಲ್ಲಿ ನಾಳೆ ಬೀಜ, ಗೊಬ್ಬರ, ಸಾಲ ಇದೆಯೋ ಅವರ ಮುಂದೆ ಜನ ನಯವಾಗಿ ಮಾತನಾಡುತ್ತಾರೆ. ಆಗ ಸಂಖ್ಯೆ ತುಂಬಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಜೊಳ್ಳು ತೆನೆ.

ಹಾಗೆಂದು ಕಂಪನಿಯ ಹೆಸರನ್ನೇ ಮುಚ್ಚಿಡಬೇಡಿ. ಅದು ಸುಳ್ಳಾಗುತ್ತದೆ, ಮೇಲಾಗಿ ‘ಯಾರ ಕಡೆಯವರು’ ಎಂಬುದಕ್ಕೆ ಉತ್ತರವೇ ಇಲ್ಲದಂತಾಗುತ್ತದೆ. ನಾನು ಮಾಡುವ ಏರ್ಪಾಟು ಹೀಗಿದೆ. ಪತ್ರ ಕಂಪನಿಯ ಹೆಸರಿನಲ್ಲಿ ಹೋಗಲಿ, ಅಧ್ಯಕ್ಷರ ಸಹಿಯೂ ಇರಲಿ. ಪ್ರಶ್ನೆ ಕೇಳುವವರು ಮಾತ್ರ ಹೊರಗಿನವರಾಗಿರಲಿ, ದಾವಣಗೆರೆಯಲ್ಲಿ ಸಮಾಜಕಾರ್ಯವನ್ನೋ ಅರ್ಥಶಾಸ್ತ್ರವನ್ನೋ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳು ಸಾಕು. ಯಾರು ಏನು ಹೇಳಿದರು ಎಂಬ ಹಾಳೆಗಳು ಅವರ ಬಳಿಯೇ ಇರಲಿ, ಅಧ್ಯಕ್ಷರಿಗೆ ಒಟ್ಟು ಲೆಕ್ಕ ಮಾತ್ರ ಬರಲಿ. ಇದಕ್ಕೆ ಅಧ್ಯಕ್ಷರು ಒಪ್ಪದಿದ್ದರೆ ಕೈಸಾಲದ ಪ್ರಶ್ನೆಯನ್ನು ಪ್ರಶ್ನಾವಳಿಯಿಂದ ತೆಗೆದುಬಿಡಿ. ಬೀಜ ಗೊಬ್ಬರದ್ದಷ್ಟೇ ಕೇಳಿ. ಅರ್ಧ ಸಮೀಕ್ಷೆಯಾದರೂ ನಂಬಬಹುದಾದದ್ದು ಆಗುತ್ತದೆ.

ಇನ್ನು ಸಾಧನಗಳು. ಮುದ್ರಿಸಿದ ಕಾಗದ, ಎಸ್‌ಎಂಎಸ್, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ. ಎಸ್‌ಎಂಎಸ್ ಬಗ್ಗೆ ಒಂದು ಮಾತು: ಸಂಸ್ಥೆಯ ಹೆಸರಿನಲ್ಲಿ ಒಟ್ಟಿಗೆ ನೂರಾರು ಜನರಿಗೆ ಕಳುಹಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಹೆಸರನ್ನೂ ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು. ಒಂದೇ ಸಲದ ಕೆಲಸಕ್ಕೆ ಆ ಓಡಾಟ ಬೇಡ. ಬ್ಯಾಂಕು, ಲೋನು, ರೀಚಾರ್ಜ್ ಮೆಸೇಜುಗಳ ರಾಶಿಯಲ್ಲಿ ಅದನ್ನು ಓದುವವರೂ ಕಡಿಮೆ. ಧ್ವನಿ ಸಂದೇಶ ನನಗೆ ಇಷ್ಟ, ಓದು ಬಾರದವರಿಗೂ ಮುಟ್ಟುತ್ತದೆ. ಆದರೆ ಅದು ಕರೆ ಮಾಡುವ ವಿದ್ಯಾರ್ಥಿಯದೇ ಧ್ವನಿಯಾಗಿರಬೇಕು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗಬೇಕು. ಗುಂಪಿನಲ್ಲಿ ಹಾಕಿದರೆ ಅದೂ ಡಂಗುರವೇ.

ಇಷ್ಟಾದರೂ ನಾನು ದುಡ್ಡು ಹಾಕುವುದು ಕಾಗದದ ಮೇಲೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕೂಲಿಕಾರರ ಕೆಮ್ಮು ದಮ್ಮಿನ ಬಗ್ಗೆ ಒಮ್ಮೆ ಕೇಳಬೇಕಿತ್ತು. ಮೂರು ದಿನ ಮೊದಲು ಮನೆಮನೆಗೆ ಒಂದು ಹಾಳೆ ಹಂಚಿದ್ದೆವು. ಒಬ್ಬ ತಾಯಿ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ ಒಳಗೆ ಹೋದರು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಆ ಹಾಳೆ ತೆಗೆದುಕೊಂಡು ಬಂದರು. ಅವರಿಗೆ ಓದಲು ಬಾರದು, ಏಳನೇ ತರಗತಿಯ ಮಗಳು ಓದಿ ಹೇಳಿದ್ದಳಂತೆ. ‘ಉತ್ತರ ಹೇಳದಿದ್ದರೂ ನಿಮಗೆ ಯಾವ ತೊಂದರೆಯೂ ಇಲ್ಲ’ ಎಂಬ ಸಾಲಿನ ಕೆಳಗೆ ಮಗಳ ಪೆನ್ಸಿಲ್ ಗೆರೆ. ಆ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು, ‘ಇದು ಖರೆ ಏನು?’ ಖರೆ ಎಂದೆವು. ಚಾಪೆ ಹಾಸಿದರು. ಮುಕ್ಕಾಲು ಗಂಟೆ ಮಾತನಾಡಿದರು. ಹೊರಡುವಾಗ ಹಾಳೆಯನ್ನು ಮತ್ತೆ ಅದೇ ಕವರಿಗೆ ಸೇರಿಸಿದರು, ‘ನಾಳೆ ಮಾಲೀಕರು ಕೇಳಿದರೆ ತೋರಿಸಲಿಕ್ಕೆ ಇರಲಿ’ ಎಂದು. ಮೆಸೇಜನ್ನು ಯಾರೂ ರೇಷನ್ ಕಾರ್ಡಿನ ಜೊತೆ ಇಡುವುದಿಲ್ಲ.

ಪತ್ರದಲ್ಲಿ ಏನಿರಬೇಕು

ಅರ್ಧ ಪುಟ, ದೊಡ್ಡ ಅಕ್ಷರ. ಇಂಗ್ಲಿಷ್ ಲೆಟರ್‌ಹೆಡ್, ‘ರೆಫರೆನ್ಸ್ ನಂಬರ್’ ಇತ್ಯಾದಿ ಇದ್ದರೆ ವಸೂಲಿ ನೋಟಿಸಿನಂತೆ ಕಾಣುತ್ತದೆ, ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಬರೆದರೆ ಹೀಗೆ ಬರೆಯುತ್ತೇನೆ, ಬೇಕಾದರೆ ತಿದ್ದಿಕೊಳ್ಳಿ:

“ನಮಸ್ಕಾರ. ಮುಂದಿನ ಮುಂಗಾರಿಗೆ ಬೀಜ, ಗೊಬ್ಬರ ತರಿಸುವ ಮುಂಚೆ ಸದಸ್ಯರನ್ನು ಕೇಳಬೇಕೆಂದು ನಿಮ್ಮ ರೈತ ಕಂಪನಿ ತೀರ್ಮಾನಿಸಿದೆ. ಸದಸ್ಯರ ಪಟ್ಟಿಯಲ್ಲಿ ಮೂರಕ್ಕೊಂದು ಹೆಸರು ಎತ್ತಿದಾಗ ನಿಮ್ಮ ಹೆಸರು ಬಂದಿದೆ. ನಿಮ್ಮ ನಂಬರನ್ನು ಸದಸ್ಯತ್ವದ ರಿಜಿಸ್ಟರಿನಿಂದ ತೆಗೆದುಕೊಂಡಿದ್ದೇವೆ. ಬರುವ ಮಂಗಳವಾರದಿಂದ ಶುಕ್ರವಾರದೊಳಗೆ ಸಂಜೆ ಏಳರ ಮೇಲೆ ಕೆಳಗಿನ ಎರಡು ನಂಬರ್‌ಗಳಲ್ಲಿ ಒಂದರಿಂದ ಕಾಲೇಜಿನ ವಿದ್ಯಾರ್ಥಿಯೊಬ್ಬರು ಫೋನ್ ಮಾಡುತ್ತಾರೆ. ಹದಿನೈದು ನಿಮಿಷ ಹಿಡಿಯುತ್ತದೆ. ಬೆಳೆ, ಬೀಜ, ಮಾರಾಟ, ಖರ್ಚು, ಸಾಲದ ಬಗ್ಗೆ ಕೇಳುತ್ತಾರೆ. ಆಧಾರ್, ಬ್ಯಾಂಕ್ ಖಾತೆ, ಒಟಿಪಿ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ನಿಮ್ಮ ಹೆಸರಿನೊಂದಿಗೆ ನಿಮ್ಮ ಉತ್ತರ ಅಧ್ಯಕ್ಷರಿಗಾಗಲಿ ನಿರ್ದೇಶಕರಿಗಾಗಲಿ ಹೋಗುವುದಿಲ್ಲ. ಬೇಡವೆನಿಸಿದರೆ ಬೇಡ ಎನ್ನಿ, ಅದರಿಂದ ನಿಮಗೆ ಸಿಗುವ ಯಾವ ಸವಲತ್ತೂ ನಿಲ್ಲುವುದಿಲ್ಲ. ಉತ್ತರಿಸಿದ್ದಕ್ಕೆ ಸಬ್ಸಿಡಿ, ಪರಿಹಾರ ಬರುವುದೂ ಇಲ್ಲ.”

ಕೊನೆಯ ವಾಕ್ಯವನ್ನು ತೆಗೆಯೋಣ ಎಂದು ಎಲ್ಲರೂ ಹೇಳುತ್ತಾರೆ, ಉತ್ಸಾಹ ತಗ್ಗುತ್ತದೆಯಂತೆ. ತೆಗೆಯಬೇಡಿ. ಸಾಲದ ಮಾತನ್ನೂ ಬಚ್ಚಿಡಬೇಡಿ, ಆದರೆ ಅದನ್ನೇ ತಲೆಬರಹ ಮಾಡಬೇಡಿ. ‘ಸಾಲದ ಸಮೀಕ್ಷೆ’ ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಅಧ್ಯಕ್ಷರು ಹೇಳಿದಂತೆಯೇ ಆಗುತ್ತದೆ, ಸಾಲವಿದ್ದವರು ಸರಿದುಕೊಳ್ಳುತ್ತಾರೆ. ಉತ್ತರ ತಯಾರಿ ಮಾಡಿಕೊಳ್ಳುತ್ತಾರೆ ಎಂಬ ಅವರ ಇನ್ನೊಂದು ಅಂಜಿಕೆಗೆ ನನ್ನದು ಉಲ್ಟಾ ಅನುಭವ. ಗೊಬ್ಬರದ ರಸೀದಿ, ತೂಕದ ಚೀಟಿ ಹುಡುಕಿ ಇಟ್ಟುಕೊಂಡಿದ್ದರೆ ನಮಗೆ ಲಾಭ. ನೆನಪಿನಿಂದ ಹೇಳಿದ ಕ್ವಿಂಟಲ್‌ಗಿಂತ ಚೀಟಿಯಲ್ಲಿರುವ ಕ್ವಿಂಟಲ್ ಮೇಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇಂತಹ ಪತ್ರಕ್ಕೆ ಹೊಂದುತ್ತದೆ: ಏತಕ್ಕಾಗಿ ಮಾಹಿತಿ ಪಡೆಯುತ್ತೀರಿ ಎಂದು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು.

ಎಷ್ಟು ದಿನ ಮುಂಚೆ? ಕಾಗದ ಮೂರರಿಂದ ಏಳು ದಿನ ಮುಂಚೆ ಕೈ ಸೇರಲಿ. ಹದಿನೈದು ದಿನವಾದರೆ ಮರೆತಿರುತ್ತಾರೆ, ಇಲ್ಲವೇ ಮಾತು ಬೆಳೆದು ಬೇರೆ ರೂಪ ತಾಳಿರುತ್ತದೆ. ಧ್ವನಿ ಸಂದೇಶ ಕರೆಯ ಹಿಂದಿನ ಸಂಜೆ ಹೋಗಲಿ. ಮಂಗಳವಾರ ಎಂದು ಬರೆದಿದ್ದರೆ ಮಂಗಳವಾರವೇ ಫೋನ್ ಮಾಡಿ. ಮಾತು ತಪ್ಪಿದರೆ ಪತ್ರ ಬರೆಯದೇ ಇದ್ದರೂ ಆಗುತ್ತಿತ್ತು ಎನ್ನುವ ಸ್ಥಿತಿ ಬರುತ್ತದೆ.

40,000 ರೂಪಾಯಿ

612 ಜನರನ್ನೂ ಅಟ್ಟಿಸಿಕೊಂಡು ಹೋಗಬೇಡಿ. ರಿಜಿಸ್ಟರನ್ನು ಊರುವಾರು ಜೋಡಿಸಿ, ಮೂರಕ್ಕೊಂದು ಹೆಸರು ಎತ್ತಿ, 204 ಜನ ಸಾಕು. ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಮುಖ ನೋಡಿ ಅಲ್ಲ. ಇವರಲ್ಲಿ 150 ಮಂದಿ ಉತ್ತರಿಸಿದರೂ ನಿಮ್ಮ ಶೇಕಡಾವಾರು ಲೆಕ್ಕ ಆಚೀಚೆ ಸುಮಾರು ಏಳು ಅಂಶಗಳೊಳಗೆ ನಿಲ್ಲುತ್ತದೆ. ಬೀಜ ತರಿಸಲು ಅಷ್ಟು ಸಾಕಾಗುತ್ತದೆ. ಆದರೆ ಉತ್ತರಿಸದ 54 ಜನ ಯಾರು ಎಂಬುದನ್ನು ಮತ್ತೆ ರಿಜಿಸ್ಟರಿನಲ್ಲಿ ನೋಡಲೇಬೇಕು.

ಕಾಗದ ಮುದ್ರಿಸಿ ಹಂಚಲು ಮೂರು ಸಾವಿರ ಇಡಿ. ಇಬ್ಬರು ವಿದ್ಯಾರ್ಥಿಗಳ ದಿನಗೂಲಿ, ಎರಡು ಸಿಮ್ಮು, ತರಬೇತಿಯ ಒಂದು ದಿನ ಎಂದು ಹನ್ನೆರಡು ಸಾವಿರ ಹಿಡಿಯಿರಿ. ಉಳಿದದ್ದರಲ್ಲಿ ದೊಡ್ಡ ಪಾಲು ಮನೆ ಬಾಗಿಲಿಗೆ ಹೋಗಲು. ಒಬ್ಬರಿಗೆ ನಾಲ್ಕು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಒಂದು ಸಲವಾದರೂ ಭಾನುವಾರ ಫೋನ್ ಮಾಡಿ. ಆಗಲೂ ಸಿಗದಿದ್ದರೆ ವಿದ್ಯಾರ್ಥಿ ಬೈಕ್ ಹತ್ತಿ ಮನೆಗೇ ಹೋಗಲಿ. ನಮ್ಮ ಜನ ಬಾಗಿಲಲ್ಲಿ ಇಲ್ಲವೆನ್ನುವುದಿಲ್ಲ ಎಂದೆನಲ್ಲ, ಅದು ಇಲ್ಲಿ ಫಲ ಕೊಡುತ್ತದೆ. ಮುಂಗಡ ಪತ್ರಕ್ಕಿಂತ ಹೆಚ್ಚಿನ ಉತ್ತರ ನಿಮಗೆ ಈ ಮರುಭೇಟಿಯಿಂದ ಬರುತ್ತದೆ, ಪತ್ರ ಮರುಭೇಟಿಯನ್ನು ಸಲೀಸು ಮಾಡುತ್ತದೆ ಅಷ್ಟೇ.

ಉಡುಗೊರೆ ಕೊಡುವುದೇ? ಹಣದ ಉಡುಗೊರೆಯಿಂದ ಉತ್ತರ ಹೆಚ್ಚುತ್ತದೆ, ಅದರಲ್ಲೂ ‘ಉತ್ತರಿಸಿದರೆ ಕೊಡುತ್ತೇವೆ’ ಎನ್ನುವುದಕ್ಕಿಂತ ಮೊದಲೇ ಕೊಟ್ಟದ್ದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಎಡ್ವರ್ಡ್ಸ್ ಅವರ ಅಧ್ಯಯನದಲ್ಲೂ ಕಂಡದ್ದೇ. ನಿಮ್ಮ ಊರುಗಳಲ್ಲಿ ಮೂರು ಮನೆಗೊಂದು ಮನೆಗೆ ಐವತ್ತು ರೂಪಾಯಿ ಹಂಚಿದರೆ ಉಳಿದ ಎರಡು ಮನೆಗಳು ಸುಮ್ಮನಿರುವುದಿಲ್ಲ. ಆ ದುಡ್ಡಿನಲ್ಲಿ ಸಮೀಕ್ಷೆಯ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ 612 ಮನೆಗೂ ಕೊಡಿ. ಈ ಸಲಕ್ಕೆ ಅದರಿಂದ ಉಪಯೋಗವಿಲ್ಲ, ಮುಂದಿನ ಸಲ ನೀವು ಬರೆಯುವ ಪತ್ರಕ್ಕೆ ಅದೇ ಮುಂಗಡ.

ಅಧ್ಯಕ್ಷರಿಗೂ ತರಬೇತಿಯವರಿಗೂ ಯಾರು ಸರಿ ಎಂದು ತೋರಿಸಲು ನೂರು ಜನರಿಗೆ ಪತ್ರ ಕೊಟ್ಟು ನೂರು ಜನರಿಗೆ ಕೊಡದೆ ನೋಡೋಣ ಎಂಬ ಆಸೆ ನಿಮಗೆ ಬರಬಹುದು. ಬೇಡ. ಇಷ್ಟು ಸಣ್ಣ ಗುಂಪುಗಳಲ್ಲಿ ಹದಿನಾಲ್ಕು ಅಂಶಗಳವರೆಗಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರಬಹುದು. ನೀವು ಹುಡುಕುತ್ತಿರುವುದು ಎಂಟು ಅಂಶ. ಅದೂ ಅಲ್ಲದೆ ಒಂದೇ ಊರಿನಲ್ಲಿ ಪತ್ರ ಬಂದವರು ಬಾರದವರಿಗೆ ಅದನ್ನು ಓದಿ ಹೇಳಿರುತ್ತಾರೆ.

ಕೊನೆಗೆ ಒಂದು ಸಣ್ಣ ವಿಚಾರ. ನಮ್ಮ ಕಡೆಯವರು ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ, ಆದರೆ ರಾತ್ರಿ ಊಟವಾದ ಮೇಲೆ ಪತ್ರ ತೆಗೆದು ನಂಬರ್ ಹೊಂದಿಸಿ ನೋಡಿ, ಇವರೇ ಎಂದು ಗೊತ್ತಾದರೆ ತಾವೇ ವಾಪಸ್ ಮಾಡುತ್ತಾರೆ. ಪತ್ರದಲ್ಲಿ ಕೊಟ್ಟ ಆ ಎರಡು ನಂಬರ್‌ಗಳನ್ನು ಎತ್ತಲು ಒಂಬತ್ತೂವರೆಯ ತನಕ ಒಬ್ಬರನ್ನು ಕೂರಿಸಿ.